ಕಲ್ಲಿನ ನಡುವಣ ನೀಲಿ: ಫ್ರಾಂಕ್ ಸ್ಮೈಥ್‌ನ ಪುಸ್ತಕ ಮತ್ತು ಹೂಕಣಿವೆಯ ದಿನದ ಚಾರಣ

ಫ್ರಾಂಕ್ ಸ್ಮೈಥ್ 1938ರಲ್ಲಿ ಪ್ರಕಟಿಸಿದ ‘ದಿ ವ್ಯಾಲಿ ಆಫ್ ಫ್ಲವರ್ಸ್’ ಪುಸ್ತಕವನ್ನು ಓದಿದವರಿಗಿಂತ ಅದರ ಹೆಸರನ್ನು ನಂಬಿ ಬೆಟ್ಟ ಹತ್ತಿದವರೇ ಹೆಚ್ಚು. ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ ಪುಷ್ಪಾವತಿ ನದಿ ಹರಿಯುವ ಕಣಿವೆಗೆ ಆ ಪುಸ್ತಕದ ಶೀರ್ಷಿಕೆಯೇ ಅಂಕಿತವಾಯಿತು. 1982ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಸರ್ಕಾರವೂ ಅದೇ ಹೆಸರನ್ನು ಉಳಿಸಿಕೊಂಡಿತು. 2005ರಲ್ಲಿ ನಂದಾದೇವಿ ಉದ್ಯಾನದ ಜೊತೆಗೆ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಪುಸ್ತಕದ ಕೀರ್ತಿಗೆ ಅಂತರರಾಷ್ಟ್ರೀಯ ಮೊಹರು ಬಿದ್ದಂತಾಯಿತು. ಹೀಗೆ ಒಂದು ಕೃತಿಯ ಹೆಸರು ಒಂದು ನೆಲದ ಹೆಸರಾದಾಗ ಕೃತಿಯನ್ನು ಕೃತಿಯಾಗಿ ಅಳೆಯುವ ಕೆಲಸ ನಿಂತುಹೋಗುತ್ತದೆ. ಹೂವು ಚೆನ್ನಾಗಿದ್ದರೆ ಪುಸ್ತಕವೂ ಚೆನ್ನಾಗಿದೆ ಎಂದೂ, ಪುಸ್ತಕ ಹೊಗಳಿದ್ದರಿಂದ ಹೂವು ಅಲ್ಲಿ ಹಾಸಿಕೊಂಡೇ ಇರಬೇಕೆಂದೂ ನಂಬುವ ಒಂದು ಸುತ್ತುಬಳಸಿನ ತರ್ಕ ಪ್ರವಾಸ ಬರಹಗಳಲ್ಲಿ ದಶಕಗಳಿಂದ ನಡೆದುಬಂದಿದೆ. ಈ ಪುಸ್ತಕಕ್ಕೆ ಸಂದಿರುವ ಪ್ರಶಂಸೆ ಬಹುಪಾಲು ಸಲ್ಲದ ಭಾಗಕ್ಕೆ ಸಂದಿದೆ, ಸಲ್ಲಬೇಕಾದ ಭಾಗ ಕಣ್ಣಿಗೆ ಬೀಳದೆ ಉಳಿದಿದೆ, ಇಂದಿನ ದಿನದ ಚಾರಣವೂ ಇದೇ ತಪ್ಪು ಓದಿನ ಫಲ ಎಂಬುದು ಈ ಲೇಖನದ ವಾದ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿದರೆ ಸಾಕು. 1931ರ ಜೂನ್‌ನಲ್ಲಿ 7,756 ಮೀಟರ್ ಎತ್ತರದ ಕಾಮೆಟ್ ಶಿಖರವನ್ನೇರಿದ ಸ್ಮೈಥ್‌ನ ತಂಡ, ಎರಿಕ್ ಶಿಪ್ಟನ್ ಮತ್ತು ಸಸ್ಯಜ್ಞಾನವುಳ್ಳ ಆರೋಹಿ ಆರ್. ಎಲ್. ಹೋಲ್ಡ್ಸ್‌ವರ್ತ್ ಅವರನ್ನೂ ಒಳಗೊಂಡು, ಹಿಂದಿರುಗುವಾಗ ಧೌಲಿ ನದಿಯ ಕಡೆಯಿಂದ ಭ್ಯೂಂಡಾರ್ ಕಣಿವೆದಾರಿಯನ್ನು ದಾಟಿ ಈ ಪ್ರದೇಶಕ್ಕೆ ಇಳಿಯಿತು. ತಂಡವು ಅಲ್ಲಿ ತಂಗಿದ್ದು ಎರಡೇ ದಿನ. ಹೆಸರು ಹುಟ್ಟಿದ್ದು ಆ ಎರಡು ದಿನಗಳ ನೆನಪಿನಿಂದ. ಸ್ಮೈಥ್ ಮತ್ತೆ ಬಂದದ್ದು 1937ರಲ್ಲಿ, ಎಡಿನ್‌ಬರೋದ ಸಸ್ಯೋದ್ಯಾನಕ್ಕೆ ಬೀಜ ಮತ್ತು ಗೆಡ್ಡೆಗಳನ್ನು ಸಂಗ್ರಹಿಸಲು. ಪುಸ್ತಕದ ಹೆಚ್ಚಿನ ಪುಟಗಳು ಈ ಎರಡನೆಯ ಭೇಟಿಯವು, ಆದರೆ ಅದರ ಪ್ರಾಣ ಮೊದಲನೆಯ ಭೇಟಿಯನ್ನು ನೆನೆಯುವ ಆರಂಭದ ಕೆಲವೇ ಪರಿಚ್ಛೇದಗಳಲ್ಲಿದೆ.

ಆ ಪರಿಚ್ಛೇದಗಳಲ್ಲಿ ನಡೆಯುವುದು ಇಷ್ಟು. ಕಣಿವೆದಾರಿಯ ನೆತ್ತಿಯಲ್ಲಿ ಚಳಿಗಾಳಿಯ ಹೊಡೆತ ತಿಂದ ಜನ ಇಳಿಯುತ್ತಿದ್ದಂತೆ ಗಾಳಿಯ ಬಾಧೆ ಕಳೆದು ಮಳೆ ಶುರುವಾಗುತ್ತದೆ, ಇಳಿದಷ್ಟೂ ಆ ಮಳೆ ಕೊಂಚ ಕೊಂಚವೇ ಬೆಚ್ಚಗಾಗುತ್ತದೆ. ದಟ್ಟ ಮಂಜಿನಲ್ಲಿ ದಾರಿ ತಿಳಿಯದೆ ಅವರು ನಿಲ್ಲುತ್ತಾರೆ. ಆಗ ಹೋಲ್ಡ್ಸ್‌ವರ್ತ್ ಕೂಗಿ ಕೈ ಚಾಚುತ್ತಾನೆ. ಸ್ಮೈಥ್ ಆ ಕೈಯ ದಿಕ್ಕಿಗೆ ನೋಡುತ್ತಾನೆ, ಕಲ್ಲಲ್ಲದೆ ಬೇರೇನೂ ಕಾಣಿಸುವುದಿಲ್ಲ. ಕಣ್ಣು ಅಲೆದಾಡಿ ಕೊನೆಗೊಮ್ಮೆ ಒಂದು ಚಿಕ್ಕ ನೀಲಿಯ ಮೇಲೆ ನಿಲ್ಲುತ್ತದೆ, ಅದರಾಚೆ ಇನ್ನಷ್ಟು ನೀಲಿ ಕಾಣುತ್ತದೆ, ಇಳಿಜಾರೇ ಬೆಳಗಿದಂತೆ ಅವನಿಗೆ ತೋರುತ್ತದೆ. ಆ ನೀಲಿ ಪ್ರಿಮ್ಯುಲಾ ಎಂಬ ಪುಟ್ಟ ಬೆಟ್ಟದ ಗಿಡದ್ದು.

ಈ ಭಾಗ ಎಷ್ಟು ಪ್ರಸಿದ್ಧವೋ ಅಷ್ಟೇ ಅಜಾಗರೂಕವಾಗಿ ಓದಲ್ಪಟ್ಟಿದೆ. ಇದರ ಕಟ್ಟಡವನ್ನು ಬಿಡಿಸಿ ನೋಡಿದರೆ ಮೂರು ಹೆಜ್ಜೆಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ಚರ್ಮದ ಅನುಭವ: ಹೂವಿಗಿಂತ ಮುಂಚೆ ಓದುಗನಿಗೆ ಸಿಗುವುದು ಮಳೆಯ ಉಷ್ಣತೆಯಲ್ಲಾದ ಬದಲಾವಣೆ, ಅಂದರೆ ಎತ್ತರವು ಮೀಟರುಗಳಲ್ಲಿ ಅಲ್ಲದೆ ಮೈಮೇಲೆ ಬೀಳುವ ನೀರಿನ ಚಳಿಯಲ್ಲಿ ಅಳೆಯಲ್ಪಡುತ್ತದೆ. ಎರಡನೆಯದು ಕಣ್ಣಿನ ಸೋಲು: ಬೆರಳು ತೋರಿಸಿದ ಮೇಲೂ ಕಾಣದಿರುವಿಕೆಗೆ ಸ್ಮೈಥ್ ಒಂದು ಇಡೀ ವಾಕ್ಯಾಂಶವನ್ನು ಖರ್ಚು ಮಾಡುತ್ತಾನೆ. ಬಣ್ಣ ಬರುವುದು ಮೂರನೆಯದಾಗಿ, ಅದೂ ಹೂವಿನ ರೂಪದಲ್ಲಲ್ಲ, ಆಕಾರವಿಲ್ಲದ ಒಂದು ಕಲೆಯ ರೂಪದಲ್ಲಿ. ನೋಟವನ್ನು ಹೀಗೆ ತಡೆದು ತಡೆದು ಬಿಡುವುದರಿಂದಲೇ ಆ ಬಣ್ಣಕ್ಕೆ ಅಷ್ಟು ಬಲ ಬಂದಿದೆ. ಆರಂಭದಲ್ಲಿಯೇ ಹೂವಿನ ಹೆಸರು ಹೇಳಿ, ಗಿಡದ ಎತ್ತರ ಹೇಳಿ, ಆಮೇಲೆ ಆಶ್ಚರ್ಯಪಟ್ಟಿದ್ದರೆ ಈ ಭಾಗ ಉಳಿಯುತ್ತಿರಲಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಮಾಂತ್ರಿಕ ಕ್ಷಣ ಮುಗಿದ ಕೂಡಲೇ ಸ್ಮೈಥ್ ತನ್ನ ಲೇಖನಿಯನ್ನು ಕೆಳಗಿಟ್ಟು ಹೋಲ್ಡ್ಸ್‌ವರ್ತ್ ಬರೆದ ಮಾತುಗಳನ್ನೇ ಎತ್ತಿ ಕೊಡುತ್ತಾನೆ. ಆ ಮಾತುಗಳ ಸ್ವಭಾವವೇ ಬೇರೆ. ಈರುಳ್ಳಿಜಾತಿಯ ಗಿಡದಂಥ ನಿಲುವಿನಿಂದ ಆ ಪ್ರಿಮ್ಯುಲಾ ನಿವಾಲಿಸ್ ಎಂಬ ಉಪಗುಂಪಿಗೆ ಸೇರಿದ್ದೆಂದು ಹೋಲ್ಡ್ಸ್‌ವರ್ತ್ ಗುರುತಿಸುತ್ತಾನೆ. ಬಂಡೆಯ ಚಿಕ್ಕ ಚಿಕ್ಕ ಜಗಲಿಗಳ ಮೇಲೆ, ಹಲವೆಡೆ ಹರಿವ ನೀರಿನಲ್ಲೇ ಬೇರಿಟ್ಟು ಅದು ಬೆಳೆದಿತ್ತೆನ್ನುತ್ತಾನೆ. ಎತ್ತರ ಹೆಚ್ಚೆಂದರೆ 6 ಅಂಗುಲ, ಒಂದು ಗೊಂಚಲಿನಲ್ಲಿ ಕೆಲವೊಮ್ಮೆ 30 ಹೂಗಳು, ಸುವಾಸನೆಯೂ ಉಂಟು ಎಂದು ದಾಖಲಿಸುತ್ತಾನೆ. ಸ್ಮೈಥ್‌ನ ನೀಲಿ ಬೆಳಕಾಗಿ ಹರಡುತ್ತದೆ, ಹೋಲ್ಡ್ಸ್‌ವರ್ತ್‌ನ ನೀಲಿ ಒಂದು ಕಾಂಡದ ಮೇಲೆ ಎಣಿಕೆಗೆ ಸಿಗುವಂತೆ ನಿಲ್ಲುತ್ತದೆ. ಪುಸ್ತಕದಲ್ಲಿ ಹೂವಿನ ಬಗ್ಗೆ ಬಂದಿರುವ ಅತ್ಯುತ್ತಮ ಗದ್ಯ ಅದರ ಲೇಖಕನದ್ದಲ್ಲ ಎಂದರೆ ಸ್ಮೈಥ್‌ನ ಅಭಿಮಾನಿಗಳಿಗೆ ಕಹಿಯೆನಿಸಬಹುದು. ಆದರೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದ ಯಾರಿಗೂ ಬೇರೆ ತೀರ್ಮಾನ ಸಾಧ್ಯವಿಲ್ಲ. ಸ್ಮೈಥ್‌ಗೆ ಸಲ್ಲುವ ಶ್ರೇಯಸ್ಸು ಸಂಯೋಜಕನ ಶ್ರೇಯಸ್ಸು: ಎಲ್ಲಿ ತಾನು ನಿಲ್ಲಬೇಕು, ಎಲ್ಲಿ ಬಲ್ಲವನನ್ನು ಮಾತನಾಡಿಸಬೇಕು ಎಂಬುದು ಅವನಿಗೆ ಆ ಪುಟದಲ್ಲಿ ಗೊತ್ತಿತ್ತು.

ಮುಂದಿನ ಪುಟಗಳಲ್ಲಿ ಆ ವಿವೇಕ ಕೈಬಿಡುತ್ತದೆ. ಮರುದಿನ ಹುಲ್ಲುಗಾವಲಿಗೆ ಇಳಿದ ಮೇಲೆ ವರ್ಣನೆ ಪಟ್ಟಿಯಾಗುತ್ತದೆ: ಅನಿಮೋನ್, ನೋಮೋಕಾರಿಸ್, ಡೆಲ್ಫಿನಿಯಂ, ನೇರಳೆಹೂ, ಕೋರಿಡಾಲಿಸ್, ಕಾಡುಗುಲಾಬಿ, ರೋಡೋಡೆಂಡ್ರಾನ್ ಎಂದು ಹೆಸರುಗಳು ಸಾಲುಗಟ್ಟುತ್ತವೆ; ಯಾವುದು ಕಲ್ಲಿನ ಸಂದಿಯದು, ಯಾವುದು ನೀರಂಚಿನದು, ಯಾವುದು ಆ ವಾರ ಅರಳಿತು, ಯಾವುದು ಉದುರುತ್ತಿತ್ತು ಎಂಬ ಭೇದ ಆ ಸಾಲಿನಲ್ಲಿ ಅಳಿಸಿಹೋಗುತ್ತದೆ. ಕನ್ನಡದ ಓದುಗನಿಗೆ ಈ ಬಗೆ ಅಪರಿಚಿತವಲ್ಲ. ಚಂಪೂಕಾವ್ಯಗಳ ವನವರ್ಣನೆಯಲ್ಲಿ ಮರಗಳ ಹೆಸರುಗಳು ಋತುವಿನ ಹಂಗಿಲ್ಲದೆ ಒಟ್ಟಿಗೆ ಬಂದು ಒಟ್ಟಿಗೆ ಹೂಬಿಡುತ್ತವೆ. ಅದನ್ನು ಕವಿಸಮಯ, ಎಂದರೆ ಲೋಕದಲ್ಲಿ ಹಾಗಿಲ್ಲದಿದ್ದರೂ ಕಾವ್ಯದಲ್ಲಿ ಒಪ್ಪಿತವಾದ ರೂಢಿ, ಎಂದು ಆಲಂಕಾರಿಕರು ಕ್ಷಮಿಸಿದ್ದಾರೆ. ಅಷ್ಟಾದಶ ವರ್ಣನೆಯ ಚೌಕಟ್ಟಿನಲ್ಲಿ ಕವಿ ತನ್ನ ಉದ್ಯಾನವನ್ನು ಯಾರಿಗೂ ವಿಳಾಸವಾಗಿ ಕೊಡುತ್ತಿರಲಿಲ್ಲವಾದ್ದರಿಂದ ಆ ಕ್ಷಮೆ ನ್ಯಾಯವಾದದ್ದು. ಸ್ಮೈಥ್ ಮಾತ್ರ ನಕ್ಷೆಯಲ್ಲಿರುವ ಜಾಗದ ಬಗ್ಗೆ ಬರೆದ, ಓದುಗರು ಆ ಜಾಗವನ್ನು ಹುಡುಕಿಕೊಂಡು ಹೋದರು.

ಎತ್ತರದ ಹುಲ್ಲುಗಾವಲಿನಲ್ಲಿ ಹೂವು ಒಂದೇ ಬಾರಿಗೆ ಅರಳುವುದಿಲ್ಲ. ಮರಗಳ ಗಡಿ ಮುಗಿದ ಮೇಲೆ ಹಿಮರೇಖೆಯ ಕೆಳಗೆ ಹಬ್ಬಿರುವ, ಗಢವಾಲಿನಲ್ಲಿ ಬುಗ್ಯಾಲ್ ಎಂದು ಕರೆಯುವ ಈ ನೆಲ ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಹಿಮದಡಿ ಮುಚ್ಚಿರುತ್ತದೆ. ಹಿಮ ಸರಿದ ಅಂಚಿನಲ್ಲಿ ಪ್ರಿಮ್ಯುಲಾದಂಥವು ಮೊದಲು ಏಳುತ್ತವೆ, ಮಳೆ ಹಿಡಿದ ಮೇಲೆ ಜೆರೇನಿಯಂ, ಪೊಟೆಂಟಿಲ್ಲಾ, ನೀಲಿ ಗಸಗಸೆ ಎಂದು ಪ್ರಸಿದ್ಧವಾದ ಮೆಕೊನಾಪ್ಸಿಸ್ ಮುಂತಾದವು ಬರುತ್ತವೆ, ಆಗಸ್ಟ್ ಹೊತ್ತಿಗೆ ಗೌರಿಹೂವಿನ ವರ್ಗಕ್ಕೆ ಸೇರಿದ ಇಂಪೇಷನ್ಸ್ ಸುಲ್ಕಾಟಾ ಆಳೆತ್ತರ ಬೆಳೆದು ಉಳಿದುದನ್ನೆಲ್ಲ ಮರೆಮಾಡುತ್ತದೆ. ಉದ್ಯಾನದ ಸುಮಾರು 87.5 ಚದರ ಕಿಲೋಮೀಟರಿನಲ್ಲಿ 500ರ ಆಸುಪಾಸಿನಷ್ಟು ಸಸ್ಯಜಾತಿಗಳು ದಾಖಲಾಗಿವೆಯೆಂಬುದು ನಿಜ, ಆದರೆ ಅವನ್ನೆಲ್ಲ ಯಾವ ಒಂದು ದಿನವೂ ತೋರಿಸಲಾರದು. ಸ್ಮೈಥ್‌ಗೆ ಇದು ತಿಳಿದಿರಲಿಲ್ಲವೆಂದಲ್ಲ. 1937ರಲ್ಲಿ ಅಲ್ಲಿ ವಾರಗಟ್ಟಲೆ ಕಳೆದವನಿಗೆ ತಿಳಿಯದಿರುವುದು ಅಸಾಧ್ಯ. ಪುಸ್ತಕದ ನಂತರದ ಅಧ್ಯಾಯಗಳಲ್ಲಿ ಈ ಸರದಿಯ ಸುಳಿವುಗಳಿವೆ. ಆದರೆ ಶೀರ್ಷಿಕೆಯನ್ನೂ ಕೀರ್ತಿಯನ್ನೂ ಕಟ್ಟಿಕೊಟ್ಟದ್ದು ಎರಡು ದಿನಗಳ ಪಟ್ಟಿಯೇ.

ಇಂದಿನ ದಿನದ ಚಾರಣ ಆ ಪಟ್ಟಿಯ ಸಂತಾನ. ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲವಾದ್ದರಿಂದ ಚಾರಣಿಗ ಗೋವಿಂದಘಾಟಿನ ಕಡೆಯಿಂದ ಬಂದು, ಸುಮಾರು 3,050 ಮೀಟರ್ ಎತ್ತರದ ಘಾಂಘರಿಯಾ ಎಂಬ ಬೇಸಿಗೆಯ ನೆಲೆಯಲ್ಲಿ ಉಳಿದು, ಬೆಳಗ್ಗೆ ಹೊರಟು, ಪುಷ್ಪಾವತಿಯ ಸೇತುವೆ ದಾಟಿ, ಭೋಜಪತ್ರೆಯ ಮರಗಳ ನಡುವಣ ಕಡಿದಾದ ಏರನ್ನು ಹತ್ತಿ, ಕಣಿವೆ ತೆರೆದುಕೊಳ್ಳುವಲ್ಲಿ ಕೆಲವು ಗಂಟೆ ಓಡಾಡಿ, ಸಂಜೆಯೊಳಗೆ ಕೆಳಗಿಳಿಯಬೇಕು. ಬಹಳ ಜನ ಜೋನ್ ಮಾರ್ಗರೆಟ್ ಲೆಗ್‌ಳ ಸಮಾಧಿಯಿಂದಲೇ ಹಿಂದಿರುಗುತ್ತಾರೆ. ಪುಸ್ತಕ ಪ್ರಕಟವಾದ ಮರುವರ್ಷ, 1939ರಲ್ಲಿ, ಸಸ್ಯ ಸಂಗ್ರಹಕ್ಕೆಂದು ಬಂದಿದ್ದ ಆಕೆ ಇಳಿಜಾರಿನಲ್ಲಿ ಜಾರಿಬಿದ್ದು ತೀರಿಕೊಂಡಳು. ಹೀಗೆ ಹೋಗಿಬಂದವರ ಬರಹಗಳಲ್ಲಿ ಮತ್ತೆ ಮತ್ತೆ ಕೇಳುವ ದೂರು ಒಂದೇ: ಚಿತ್ರದಲ್ಲಿ ಕಂಡಷ್ಟು ಹೂವು ಇರಲಿಲ್ಲ. ಜುಲೈ ಆರಂಭದಲ್ಲಿ ಹೋದವರು ಬೇಗ ಬಂದೆವೆನ್ನುತ್ತಾರೆ, ಆಗಸ್ಟ್ ಕೊನೆಗೆ ಹೋದವರು ತಡವಾಯಿತೆನ್ನುತ್ತಾರೆ, ನಡುವೆ ಹೋದವರು ಮಳೆಯನ್ನು ದೂರುತ್ತಾರೆ. ಮಳೆಯಿಲ್ಲದೆ ಅಲ್ಲಿ ಹೂವಿಲ್ಲವೆಂಬುದು ಬೇರೆ ಮಾತು!

ಆದರೂ ಈ ಚಾರಣವನ್ನು ಪ್ರಕಾರವಾಗಿ ತಳ್ಳಿಹಾಕುವುದು ಸರಿಯಲ್ಲ. ತಿಂಗಳುಗಟ್ಟಲೆ ಡೇರೆ ಹಾಕಿ ಕುಳಿತವನಿಗೆ ಇಲ್ಲದ ಒಂದು ಕಟ್ಟುಪಾಡು ದಿನದ ಚಾರಣಿಗನಿಗಿದೆ. ಹಿಂದಿರುಗುವ ಗಂಟೆ ನಿಗದಿಯಾಗಿರುವುದರಿಂದ ಅವನು ಆಯ್ದು ನೋಡಬೇಕಾಗುತ್ತದೆ. ಒಂದು ಬಂಡೆಯ ಬದಿಯಲ್ಲಿ ಅರ್ಧ ಗಂಟೆ ನಿಂತು ಆ ವಾರ ಅರಳಿರುವ ನಾಲ್ಕು ಜಾತಿಗಳನ್ನು ಹೋಲ್ಡ್ಸ್‌ವರ್ತ್‌ನಂತೆ ನೋಡುವುದಕ್ಕೆ ಒಂದು ದಿನ ಧಾರಾಳವಾಗಿ ಸಾಕು. ಇಡೀ ಕಣಿವೆಯನ್ನು ಸ್ಮೈಥ್‌ನ ಪಟ್ಟಿಯಂತೆ ನೋಡುವುದಕ್ಕೆ ಒಂದು ಜನ್ಮವೂ ಸಾಲದು. ವಿಪರ್ಯಾಸವೆಂದರೆ ಓದುಗರನ್ನು ಕಣಿವೆಗೆ ಸೆಳೆದ ಆ ನೀಲಿ ಪ್ರಿಮ್ಯುಲಾದ ದೃಶ್ಯ ನಡೆದದ್ದು ಕಣಿವೆದಾರಿಯ ಕೆಳಗಿನ ಕಲ್ಲಿಳಿಜಾರಿನಲ್ಲಿ, ದಿನದ ಚಾರಣಿಗ ತಲುಪುವ ಎಡೆಗಿಂತ ಬಹಳ ಮೇಲೆ. ಪುಸ್ತಕದ ಶ್ರೇಷ್ಠ ಪುಟ ಒಂದು ಜಾಗದ್ದು, ಅದರ ಹೆಸರು ಹೊತ್ತ ಜಾಗ ಇನ್ನೊಂದು.

ಇಲ್ಲಿ ಇತರ ವಿಮರ್ಶಕರೊಡನೆ ವ್ಯಾಜ್ಯ ಅನಿವಾರ್ಯ. ಸ್ಮೈಥ್‌ನನ್ನು ವಸಾಹತುಶಾಹಿ ಕಣ್ಣಿನ ಮಾದರಿಯೆಂದು ಓದುವ ಒಂದು ಪಂಥವಿದೆ. ಕಣಿವೆಯನ್ನು ಅವನು ಕಂಡುಹಿಡಿದನೆಂಬ ಮಾತು ಸುಳ್ಳೆಂದು ಅವರು ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಕರ್ನಲ್ ಎಡ್ಮಂಡ್ ಸ್ಮಿತ್ 1862ರಲ್ಲೇ ಪುಷ್ಪಾವತಿಯ ಕಣಿವೆಗೆ ಬಂದಿದ್ದ. ಅದಕ್ಕೂ ಎಷ್ಟೋ ಹಿಂದಿನಿಂದ ಭ್ಯೂಂಡಾರ್ ಊರಿನವರು ಬೇಸಿಗೆಯಲ್ಲಿ ಕುರಿ, ಆಡುಗಳನ್ನು ಅಲ್ಲಿ ಮೇಯಿಸುತ್ತಿದ್ದರು. ಆದರೆ ಇದು ಪುಸ್ತಕದ ವಿಮರ್ಶೆಯಲ್ಲ, ಪುಸ್ತಕದ ಜಾಹೀರಾತಿನ ವಿಮರ್ಶೆ. ಹೋಲ್ಡ್ಸ್‌ವರ್ತ್ ಕೈ ಚಾಚಿದ ದೃಶ್ಯವನ್ನೇ ಇವರು ಯಜಮಾನನ ನೋಟಕ್ಕೆ ಉದಾಹರಣೆಯಾಗಿ ಉಲ್ಲೇಖಿಸುತ್ತಾರೆ. ಆ ದೃಶ್ಯದಲ್ಲಿ ನಾಯಕನಾದವನು ಏನನ್ನೂ ಕಾಣದೆ ನಿಂತಿದ್ದಾನೆ, ಇನ್ನೊಬ್ಬನ ಬೆರಳಿಲ್ಲದಿದ್ದರೆ ಹೂವನ್ನು ತುಳಿದುಕೊಂಡೇ ಹೋಗುತ್ತಿದ್ದ ಎಂಬುದು ಅವರ ಕಣ್ಣಿಗೆ ಬಿದ್ದಂತಿಲ್ಲ. ಸಿದ್ಧಾಂತವನ್ನು ಕೈಯಲ್ಲಿ ಹಿಡಿದು ಪುಟಕ್ಕೆ ಹೋದವರಿಗೆ ಪುಟ ಕಾಣದಿರುವುದು ಹೊಸತೇನಲ್ಲ.

ಹೆಚ್ಚು ಬೇಸರದ ಸಂಗತಿಯೆಂದರೆ, ಅವರ ವಾದಕ್ಕೆ ನಿಜವಾಗಿ ಬಲ ಕೊಡುವ ಸಾಕ್ಷ್ಯ ಅದೇ ಪುಟದಲ್ಲಿದ್ದರೂ ಅವರು ಅದನ್ನು ಬಿಟ್ಟಿದ್ದಾರೆ. ಹೋಲ್ಡ್ಸ್‌ವರ್ತ್‌ನ ಆ ಉದ್ಧೃತ ಮಾತುಗಳಲ್ಲಿಯೇ, ಹೂವನ್ನು ಕಂಡ ಸಂತೋಷದಲ್ಲಿ ನೋವು ಮರೆಯಿತು, ಚಳಿ ಮರೆಯಿತು, ದಾರಿ ತಪ್ಪಿದ ಹಮಾಲರೂ ಮರೆತುಹೋದರು ಎಂಬ ಅರ್ಥದ ಒಂದು ಒಪ್ಪಿಗೆ ಬರುತ್ತದೆ. ಮಂಜಿನಲ್ಲಿ ಹೊರೆ ಹೊತ್ತು ಎಲ್ಲೋ ಉಳಿದುಹೋದ ಮನುಷ್ಯರು ನೋವು ಮತ್ತು ಚಳಿಯ ಸಾಲಿನಲ್ಲಿ ಒಂದು ತೊಂದರೆಯಾಗಿ ಎಣಿಕೆಯಾಗುತ್ತಾರೆ. 30 ಹೂಗಳನ್ನು ಗೊಂಚಲಿನಲ್ಲಿ ಎಣಿಸಿದ ಗದ್ಯಕ್ಕೆ ಕಾಣೆಯಾದ ಹಮಾಲರು ಎಷ್ಟು ಮಂದಿ ಎಂದು ಹೇಳುವ ಅಗತ್ಯ ಕಾಣುವುದಿಲ್ಲ. ಆ ಸಾಲನ್ನು ಯಾವ ಟಿಪ್ಪಣಿಯೂ ಇಲ್ಲದೆ ಎತ್ತಿ ಕೊಟ್ಟವನು, 1933ರಲ್ಲಿ ಎವರೆಸ್ಟಿನ ಮೇಲೆ ಒಂಟಿಯಾಗಿದ್ದಾಗ ಇಲ್ಲದ ಸಂಗಾತಿಗೆ ತನ್ನ ತಿನಿಸಿನ ಅರ್ಧವನ್ನು ಮುರಿದು ಚಾಚಿದವನೆಂದು ಪರ್ವತಾರೋಹಣದ ಚರಿತ್ರೆಯಲ್ಲಿ ಹೆಸರಾದವನು. ನಿಖರತೆಯ ಮಿತಿ ಎಲ್ಲಿದೆಯೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಸ್ಥಳ ಪುಸ್ತಕದಲ್ಲಿಲ್ಲ. 1937ರ ಯಾತ್ರೆಯ ಸಹಾಯಕರ ಬಗ್ಗೆ, ಮುಖ್ಯವಾಗಿ ವಾಂಗ್ಡಿ ನುರ್ಬು ಬಗ್ಗೆ, ಸ್ಮೈಥ್ ಅಕ್ಕರೆಯಿಂದ ಬರೆದಿದ್ದಾನೆ ಎಂಬುದನ್ನೂ ಸೇರಿಸಬೇಕು.

ಎರಡನೆಯ ಪಂಥ ಕನ್ನಡದ ಪ್ರವಾಸ ಲೇಖನಗಳಿಗೆ ಹತ್ತಿರದ್ದು. ಕಣಿವೆಯ ಹೆಸರು ಬಂದ ಕೂಡಲೇ ಗಂಧಮಾದನ, ಭೀಮ, ಸೌಗಂಧಿಕ ಎಂದು ಪುರಾಣವನ್ನು ತಂದು ಹೊದಿಸುವುದು ಇಲ್ಲಿ ರೂಢಿಯಾಗಿದೆ. ಬದರಿಯ ದಾರಿಯ ಹನುಮಾನ್ ಚಟ್ಟಿಯಲ್ಲಿ ಭೀಮನಿಗೆ ಆಂಜನೇಯ ಎದುರಾದನೆಂಬ ಸ್ಥಳೀಯ ನಂಬಿಕೆ ಇರುವುದರಿಂದ ಭೂಗೋಳ ತೀರ ದೂರದ್ದೇನಲ್ಲ, ಕುಮಾರವ್ಯಾಸನ ಅರಣ್ಯಪರ್ವವನ್ನು ಬಲ್ಲ ಓದುಗನಿಗೆ ಆ ನೆನಪು ಸಹಜ. ಆದರೆ ಸೌಗಂಧಿಕ ಕುಬೇರನ ಸರೋವರದ ನೀರಹೂವು. ಬುಗ್ಯಾಲಿನ ಹುಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಮಹಾಭಾರತದ ಆ ಪ್ರಸಂಗ ಶುರುವಾಗುವುದು ಗಾಳಿ ಹೊತ್ತು ತಂದ ಒಂದೇ ಒಂದು ಹೂವಿನಿಂದ ಎಂಬುದನ್ನು ಈ ಲೇಖಕರು ಗಮನಿಸಿದ್ದರೆ ಅವರಿಗೆ ಕಂಬಳಿ ಹಾಸಿದಂಥ ಹೂಗಳ ಆಸೆ ಇಷ್ಟೊಂದು ಇರುತ್ತಿರಲಿಲ್ಲ.

ಮೂರನೆಯ ಜಗಳ ಸಾಹಿತ್ಯದ್ದಲ್ಲ, ಆದರೆ ಪುಸ್ತಕದ ಓದಿನಿಂದಲೇ ಹುಟ್ಟಿದ್ದು. ಉದ್ಯಾನ ಘೋಷಣೆಯಾದ ಮೇಲೆ ಕುರಿ ಮೇಯಿಸುವುದು ನಿಂತಿತು. ಆನಂತರ ಪಾಲಿಗೋನಮ್ ಪಾಲಿಸ್ಟೇಕಿಯಂ ಎಂಬ ಎತ್ತರದ ಪೊದೆಗಿಡ ಕಣಿವೆಯ ಕೆಳಭಾಗದಲ್ಲಿ ದಟ್ಟವಾಗಿ ಹಬ್ಬಿತು. ಕುರಿಗಳಿದ್ದಾಗ ಅದು ಹದ್ದಿನಲ್ಲಿತ್ತು, ಮೇಯುವುದನ್ನು ನಿಲ್ಲಿಸಿದ್ದರಿಂದಲೇ ಹೂವು ಕೆಟ್ಟಿತು ಎಂದು ಕೆಲವರು ವಾದಿಸಿದರು. ಇನ್ನೊಂದು ಪಕ್ಷ, ಭಾರತೀಯ ವನ್ಯಜೀವಿ ಸಂಸ್ಥೆಯ 1998ರ ಅಧ್ಯಯನದ ಸಾಲಿನಲ್ಲಿ ನಿಂತು, ಹಿಮಪಾತ ಉರುಳುವ ಜಾಡುಗಳಲ್ಲಿ ಮತ್ತು ಹಳೆಯ ಕುರಿಹಟ್ಟಿಗಳ ಗೊಬ್ಬರ ತುಂಬಿದ ನೆಲದಲ್ಲಿ ಆ ಗಿಡ ಹೆಚ್ಚುವುದನ್ನು ತೋರಿಸಿ, ಹೊಣೆಯನ್ನು ಕುರಿಯಿಲ್ಲದಿರುವುದರ ಮೇಲೆ ಮಾತ್ರ ಹೊರಿಸಲು ಒಪ್ಪಲಿಲ್ಲ. ಎರಡನೆಯ ಪಕ್ಷದ ವಾದ ಹೆಚ್ಚು ಗಟ್ಟಿ, ಏಕೆಂದರೆ ಅದು ಗಿಡ ಎಲ್ಲಿ ಬೆಳೆಯುತ್ತದೆ ಎಂದು ನೆಲ ನೋಡಿ ಹೇಳುತ್ತದೆ. ಮೊದಲನೆಯದು ಹಳೆಯ ಕಣಿವೆಯ ನೆನಪನ್ನು ಆಧಾರವಾಗಿ ಇಟ್ಟುಕೊಂಡಿದೆ, ಆ ನೆನಪಿನ ಬಹುಪಾಲು ಸ್ಮೈಥ್‌ನ ಪಟ್ಟಿಯಿಂದ ಬಂದದ್ದು. ಆದರೂ ಒಂದು ಮಾತನ್ನು ಇಬ್ಬರೂ ಅಲ್ಲಗಳೆಯಲಾರರು: ಸ್ಮೈಥ್ ಹೊಗಳಿದ ಕಣಿವೆ ಮನುಷ್ಯ ಮುಟ್ಟದ ತೋಟವಾಗಿರಲಿಲ್ಲ, ಅದು ಮೇಯುವ ನೆಲವಾಗಿತ್ತು. ಇಂದು ಅರಣ್ಯ ಇಲಾಖೆ ಪಾಲಿಗೋನಮ್ಮನ್ನು ಕೀಳಿಸುವ ಕೆಲಸ ಮಾಡಿಸುತ್ತದೆ, ಕಣಿವೆಯ ದಾರಿಯ ಕಸವನ್ನು ಭ್ಯೂಂಡಾರಿನವರ ಪರಿಸರ ಸಮಿತಿ ನಿರ್ವಹಿಸುತ್ತದೆ, 2013ರ ಪ್ರವಾಹದಲ್ಲಿ ಅವರ ಊರೇ ಕೊಚ್ಚಿಹೋಯಿತು. ಹಿಮಾಲಯದ ಬುಗ್ಯಾಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿ ದಿನಕ್ಕೆ 200 ಜನರ ಮಿತಿ ಹಾಕಿದ ಉತ್ತರಾಖಂಡ ಉಚ್ಚ ನ್ಯಾಯಾಲಯದ 2018ರ ಆದೇಶದ ಹಿಂದೆ ಇದ್ದ ಚಿಂತೆಯೂ ಬಳಕೆಯ ಭಾರದ್ದೇ.

ಪುಸ್ತಕದ ಉಳಿದ ಭಾಗಗಳಲ್ಲಿ ನೀಲಗಿರಿ ಪರ್ವತ ಮತ್ತು ಮಾನಾ ಶಿಖರಗಳ ಆರೋಹಣಗಳು ಚುರುಕಾಗಿ ಓದಿಸಿಕೊಳ್ಳುತ್ತವೆ, ಬೆಟ್ಟದ ಸಂಜೆಗಳ ಕುರಿತ ಧ್ಯಾನಗಳು ಬೇಗ ಹಳಸುತ್ತವೆ. ಹೂವಿಗೆಂದು ಪುಸ್ತಕ ಹಿಡಿದವರು ದಾಟಿಹೋಗುವ ಒಂದು ಅಧ್ಯಾಯ ಮಾತ್ರ ಹೋಲ್ಡ್ಸ್‌ವರ್ತ್‌ನ ಪ್ರಿಮ್ಯುಲಾದ ಮಟ್ಟಕ್ಕೆ ಏರುತ್ತದೆ. ಹಿಮದ ಮೇಲೆ ದೊಡ್ಡ ಹೆಜ್ಜೆಗುರುತುಗಳು ಸಿಕ್ಕಾಗ ಜೊತೆಯಲ್ಲಿದ್ದ ಸಹಾಯಕರು ಅವು ಹಿಮಮಾನವನವೆಂದು ನಂಬಿ ಅಂಜಿದರು. ಸ್ಮೈಥ್ ಅವರನ್ನು ಗೇಲಿ ಮಾಡದೆ, ಅವರ ಹೇಳಿಕೆಯನ್ನು ಅವರವರ ಹೆಸರಿನೊಡನೆ ಬರೆಸಿಕೊಂಡು, ಗುರುತುಗಳನ್ನು ಅಳೆದು, ಛಾಯಾಚಿತ್ರ ತೆಗೆದು, ಲಂಡನ್ನಿನ ಪ್ರಾಣಿಶಾಸ್ತ್ರಜ್ಞರಿಗೆ ತೋರಿಸಿದ, ಅವು ಕರಡಿಯ ಹೆಜ್ಜೆಗಳೆಂಬ ತೀರ್ಮಾನವನ್ನು ಸಂಭ್ರಮವಿಲ್ಲದೆ ದಾಖಲಿಸಿದ. ಹೂವಿನ ಅಧ್ಯಾಯಗಳನ್ನು ಬರೆಯಬೇಕಾಗಿದ್ದ ರೀತಿ ಅದು.